ಮಾಜಿಯವರ ಕಲ್ಲು, ಚಂದ್ರಮ್ಮನ ಕಟ್ಟೆ

ಸೋತ ರಾಜಕಾರಣಿಗಳ ಬಗ್ಗೆ ತೀರ್ಪು ಕೊಟ್ಟು ಕೊಟ್ಟು ನನಗೆ ಸುಸ್ತಾಗಿದೆ. ಹೀಗೆಂದರೆ ಯಾರೂ ನಂಬುವುದಿಲ್ಲ. ಹೊಳಲ್ಕೆರೆ ಬಸ್ ಸ್ಟ್ಯಾಂಡಿನ ಹಿಂದೆ ಅಂಜಿನಪ್ಪನ ಟೀ ಅಂಗಡಿ ಇದೆ, ಅದರ ಮುಂದೊಂದು ಬೆಂಚಿದೆ, ಆ ಬೆಂಚಿನ ಒಂದು ತುದಿ ನನ್ನದು. ಬೆಳಗ್ಗೆ ಮರಳಿನ ಗಾಡಿಗೋ ಕೂಲಿಯಾಳುಗಳಿಗೋ ಕಾಯುತ್ತಾ ಅಲ್ಲಿ ಕೂತಿರುತ್ತೇನೆ. ಕಾಯುವವನಿಗೆ ಬೇರೆ ಕೆಲಸ ಏನಿರುತ್ತದೆ? ಹಾಗಾಗಿ ನಮ್ಮ ಜಿಲ್ಲೆಯಿಂದ ಆರಿಸಿ ಹೋದವರು, ಹೋಗಲಾರದೆ ಉಳಿದವರು, ಹೋಗಿ ಬರಿಗೈಲಿ ಬಂದವರು, ತುಂಬಿಸಿಕೊಂಡು ಬಂದವರು, ಎಲ್ಲರ ಕೇಸೂ ಆ ಬೆಂಚಿನ ಮುಂದೆ ಬಂದಿದೆ. ಕೋರ್ಟಿನಲ್ಲಾದರೆ ವಾಯಿದೆ ಇರುತ್ತದೆ, ಅಪೀಲು ಇರುತ್ತದೆ. ನಮ್ಮಲ್ಲಿ ಟೀ ಆರುವುದರೊಳಗೆ ಶಿಕ್ಷೆ. ಸತ್ತವರಿಗೂ ರಿಯಾಯಿತಿ ಇಲ್ಲ. ಹೆಚ್ಚೆಂದರೆ ಮೊದಲಿಗೆ ‘ಪಾಪ’ ಎಂದು ಒಂದು ಮಾತು ಸೇರಿಸಿ, ಆಮೇಲೆ ಅದೇ ಶಿಕ್ಷೆ ಕೊಡುತ್ತೇವೆ.

ಈ ಅಧಿಕಾರ ನನಗೆ ಎಲ್ಲಿಂದ ಬಂತು ಎಂದು ಕೇಳಬಹುದು. ನಾನು ಗಾರೆ ಮೇಸ್ತ್ರಿ, ಹೆಸರು ತಿಪ್ಪೇಸ್ವಾಮಿ. ಏಳನೇ ಕ್ಲಾಸಿಗೆ ಮೇಷ್ಟ್ರಿಗೆ ಕೈಮುಗಿದು ಹೊರಬಂದು ಬಾಂಡ್ಲಿ ಹೊತ್ತವನು, ಆಮೇಲೆ ಕರಣಿ ಹಿಡಿದವನು. ನಾನು ಎತ್ತಿದ ಗೋಡೆ ಹಿರಿಯೂರಿನಲ್ಲಿದೆ, ಹೊಸದುರ್ಗದಲ್ಲಿದೆ, ಚಿತ್ರದುರ್ಗದಲ್ಲಂತೂ ಬೀದಿಗೊಂದಿದೆ. ಬಸ್ಸಿನಲ್ಲಿ ಹೋಗುವಾಗ ಪಕ್ಕದಲ್ಲಿ ಕೂತವರಿಗೆ ಕಿಟಕಿಯಿಂದ ತೋರಿಸುತ್ತೇನೆ. ಅವರು ಕೇಳದಿದ್ದರೂ ತೋರಿಸುತ್ತೇನೆ. ಆದರೆ ಬೆಂಚಿನ ಮೇಲೆ ನನ್ನ ಮಾತು ನಡೆಯುವುದು ಈ ಗೋಡೆಗಳಿಂದಲ್ಲ, ಶಂಕುಸ್ಥಾಪನೆಯ ಕಲ್ಲುಗಳಿಂದ. ಸಾಹೇಬರು ಬಂದು ಪರದೆ ಸರಿಸುತ್ತಾರಲ್ಲ, ಹೆಸರು ಕೆತ್ತಿದ ಕಲ್ಲು, ಅದಕ್ಕೆ ಬೆನ್ನಿಗೊಂದು ಇಟ್ಟಿಗೆಯ ಗಿಡ್ಡ ಗೋಡೆ ಬೇಕು. ಅದನ್ನು ಕಟ್ಟುವುದು ನಾನು. ಕಾರ್ಯಕ್ರಮ ಗೊತ್ತಾಗುವುದು ಯಾವಾಗಲೂ ಹಿಂದಿನ ದಿನ ಸಂಜೆ. ಕಟ್ಟಿದ್ದು ನೀರು ಕುಡಿದು ಗಟ್ಟಿಯಾಗುವುದಕ್ಕೆ ಹೊತ್ತೆಲ್ಲಿದೆ? ಹಸಿ ಗೋಡೆಗೇ ಸುಣ್ಣ ಬಳಿದು, ಕಲ್ಲು ಒರಗಿಸಿ, ಪರದೆ ಕಟ್ಟಿ, ಸಾಹೇಬರು ದಾರ ಎಳೆದು ಕಾಯಿ ಒಡೆದು ಕಾರು ಹತ್ತುವವರೆಗೂ ನಾನು ಹಿಂದೆ ಕುಕ್ಕರುಗಾಲಲ್ಲಿ ಕೂತು ಗೋಡೆಯನ್ನು ತಬ್ಬಿಕೊಂಡಿರಬೇಕು. ಫೋಟೋದಲ್ಲಿ ತಲೆ ಕಾಣಬಾರದು. ನಮ್ಮ ಜಿಲ್ಲೆಯ ಎಷ್ಟೋ ಯೋಜನೆಗಳು ಅವುಗಳ ಜೀವಮಾನದಲ್ಲಿ ಎದ್ದು ನಿಂತದ್ದು ಅಷ್ಟು ಹೊತ್ತು ಮಾತ್ರ, ಅದೂ ನಾನು ಹಿಡಿದುಕೊಂಡಿದ್ದರಿಂದ.

ಕಲ್ಲಿನ ಹಿಂದೆ ಕೂತವನಿಗೆ ಸಾಹೇಬರ ಮುಖ ಕಾಣುವುದಿಲ್ಲ, ಕಾಲು ಕಾಣುತ್ತದೆ. ನಾನು ರಾಜಕೀಯ ಕಲಿತದ್ದು ಕಾಲು ನೋಡಿ. ಒಬ್ಬರು ಮೊದಲ ಸಲ ಹವಾಯಿ ಚಪ್ಪಲಿಯಲ್ಲಿ ಬಂದರು, ಮುಂದಿನ ಸಲ ಮುಖ ನೋಡಿಕೊಳ್ಳುವಂಥ ಬೂಟಿನಲ್ಲಿ ಬಂದರು, ಸೋತ ಮೇಲೆ ಯಾರದೋ ಮದುವೆಯಲ್ಲಿ ಅದೇ ಬೂಟನ್ನು ಹೊಲಿಸಿಕೊಂಡು ಹಾಕಿದ್ದರು. ಇನ್ನೊಬ್ಬರು ಐಮಂಗಲದ ಹತ್ತಿರ ಹೆದ್ದಾರಿ ಪಕ್ಕ ನಿಂತು ಭಾಷಣ ಮಾಡಿದರು. ಲಾರಿಗಳ ಹಾರನ್ನಿನಲ್ಲಿ ಒಂದಕ್ಷರವೂ ಯಾರಿಗೂ ಕೇಳಿಸಲಿಲ್ಲ. ಅವರು ಏನು ಮಾಡಿಕೊಡುತ್ತೇನೆ ಅಂದರೋ ಗೊತ್ತಿಲ್ಲದ್ದರಿಂದ ಏನು ಮಾಡಲಿಲ್ಲ ಎಂಬುದೂ ಗೊತ್ತಿಲ್ಲ. ತೀರಿಕೊಂಡು ಎಷ್ಟೋ ಕಾಲವಾಯಿತು, ಆ ಕಡೆ ಇವತ್ತಿಗೂ ಅವರಿಗೆ ಒಳ್ಳೆಯ ಹೆಸರಿದೆ.

ನಮ್ಮ ಬೆಂಚಿನಲ್ಲಿ ಕರುಣೆ ಇದ್ದದ್ದು ಅಂಜಿನಪ್ಪನಿಗೆ ಮಾತ್ರ. ಅದೂ ಬಾಯಲ್ಲಲ್ಲ. ಎಲೆಕ್ಷನ್ನಿನಲ್ಲಿ ಸೋತವರು ಯಾರಾದರೂ ಅಂಗಡಿಗೆ ಬಂದರೆ ಅವರ ಟೀಗೆ ಕೇಳದೇ ಸಕ್ಕರೆ ಜಾಸ್ತಿ ಹಾಕಿ ಕೊಡುತ್ತಾನೆ. ಯಾಕೋ ಎಂದು ಒಮ್ಮೆ ಕೇಳಿದ್ದೆ. “ಬಾಯಿ ಕಹಿ ಆಗಿರ್ತೈತಲ್ಲಣ್ಣ,” ಅಂದಿದ್ದ.

ಆ ಸಕ್ಕರೆ ಟೀಯನ್ನು ಎಲ್ಲರಿಗಿಂತ ಹೆಚ್ಚು ಕುಡಿದವರು ಮಾಜಿಯವರು. ಹೆಸರು ಬೇಡ. ಒಂದೇ ಒಂದು ಸಲ ಗೆದ್ದು, ಆಮೇಲೆ ನಿಂತಾಗಲೆಲ್ಲ ಸೋತವರು. ಹಾಲಿ ಆಗಿದ್ದಕ್ಕಿಂತ ಮಾಜಿ ಆಗಿದ್ದ ಕಾಲವೇ ಬಹಳವಾದ್ದರಿಂದ ಊರಿನವರು ಅವರನ್ನು ಮಾಜಿಯವರು ಎಂದೇ ಕರೆಯುವುದು. ಕಾರು ಹೋಯಿತು, ಹಿಂದೆ ತಿರುಗುತ್ತಿದ್ದ ಹುಡುಗರು ಹೋದರು, ಕೊನೆಗೆ ಬಸ್ಸಿನಲ್ಲಿ ಮಾಜಿ ಶಾಸಕರಿಗೆ ಸೀಟು ಬಿಟ್ಟುಕೊಡುವವರೂ ಕಮ್ಮಿಯಾದರು. ಅವರ ಮೇಲಿದ್ದ ಆರೋಪ ಒಂದೇ: ಬಿ.ದುರ್ಗದ ಹತ್ತಿರ ಒಂದು ಸಮುದಾಯ ಭವನಕ್ಕೆ ಕಲ್ಲು ಹಾಕಿದರು, ಭವನ ಏಳಲಿಲ್ಲ. “ಭವನ ನುಂಗಿದೋನು” ಎಂದು ಬೆಂಚಿನ ಮೇಲೆ ತೀರ್ಪಾಯಿತು. ಆ ತೀರ್ಪು ಕೊಟ್ಟವನು ನಾನೇ. ಕಲ್ಲನ್ನು ಹಿಂದಿನಿಂದ ತಬ್ಬಿ ಹಿಡಿದವನು ಸಾಕ್ಷಿ ಹೇಳಿದ ಮೇಲೆ ಎದುರಾಡುವವರು ಯಾರು? ಅವರು ದೂರದಲ್ಲಿ ಬರುವುದು ಕಂಡರೆ ಬೆಂಚಿನ ಮಾತು ತಟ್ಟನೆ ನಿಲ್ಲುತ್ತಿತ್ತು. ಎಲ್ಲರೂ ಟೀ ಲೋಟದೊಳಗೆ ನೋಡುತ್ತಿದ್ದೆವು.

ಆಮೇಲೆ ರಸ್ತೆ ಅಗಲ ಮಾಡುವಾಗ ಜೆಸಿಬಿಯವನು ಆ ಇಟ್ಟಿಗೆ ಗೋಡೆಯನ್ನು ಮೂತಿಯಿಂದ ಮುಟ್ಟಿದ. ಮುಟ್ಟಿದ್ದಷ್ಟೇ, ಬಿತ್ತು. ಕಲ್ಲು ಮಾತ್ರ ಮುಕ್ಕಾಗದೆ ಉಳಿಯಿತು. “ನೀವು ಕಟ್ಟಿದ್ದಂತಲ್ಲ, ನೀವೇ ತಗಂಡೋಗ್ರಿ ಮೇಸ್ತ್ರಿ,” ಅಂದ ಕಂಟ್ರಾಕ್ಟರು. ಒಳ್ಳೆಯ ಕರಿಕಲ್ಲು. ಬಿಡಲು ಮನಸ್ಸು ಬರಲಿಲ್ಲ. ಟೆಂಪೋದಲ್ಲಿ ಹಾಕಿಸಿಕೊಂಡು ಬಂದು ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಾಗಿ ಹಾಕಿದೆ. ನನ್ನ ಹೆಂಡತಿ ಚಂದ್ರಮ್ಮ ಮದುವೆಯಾಗಿ ಬಂದಾಗಿನಿಂದ ಹಿತ್ತಲಲ್ಲೊಂದು ಒಗೆಯುವ ಕಟ್ಟೆ ಕೇಳುತ್ತಿದ್ದಳು. ಸೊಂಟದ ಎತ್ತರಕ್ಕೆ ಇಟ್ಟಿಗೆಯ ಕಟ್ಟೆ, ಪಕ್ಕದಲ್ಲಿ ನೀರಿನ ತೊಟ್ಟಿ, ನೀರು ಹರಿದು ಹೋಗಲು ಒಂದು ಸಣ್ಣ ಚರಂಡಿ. ಬಗ್ಗಿ ಒಗೆದು ಅವಳ ಸೊಂಟ ಹೋಗಿದೆ. ಕಟ್ಟಿಕೊಡುತ್ತೇನೆ ಎಂದೇ ಹೇಳುತ್ತಾ ಬಂದಿದ್ದೆ. ಕಲ್ಲು ತಂದು ಹಾಕಿದ ದಿನ, ಇನ್ನು ಸ್ವಲ್ಪ ಕಾಲ ಕಟ್ಟೆಯ ಮಾತು ಬರುವುದಿಲ್ಲ ಎಂದು ನೆಮ್ಮದಿಯಾಯಿತು.

ಮರ್ಯಾದೆ ನೋಡಿ ನಾನು ಅಕ್ಷರವಿದ್ದ ಮುಖವನ್ನು ಕೆಳಗೆ ಮಾಡಿ ಹಾಕಿದ್ದೆ. ಚಂದ್ರಮ್ಮ ಎರಡು ದಿನ ಒಗೆದು ನೋಡಿ, ಪಕ್ಕದ ಮನೆಯಲ್ಲಿದ್ದ ನನ್ನ ತಮ್ಮನನ್ನು ಕರೆದು ಕಲ್ಲು ಮಗುಚಿ ಹಾಕಿಸಿದಳು. “ಅಕ್ಷರ ಮೇಲಿದ್ರೆ ಕೊಳೆ ಚೆನ್ನಾಗಿ ಬಿಡ್ತೈತೆ,” ಅಂದಳು. ನನ್ನ ಸಿಮೆಂಟು ಹತ್ತಿದ ಪ್ಯಾಂಟುಗಳು ಅಷ್ಟು ಬೆಳ್ಳಗೆ ಎಂದೂ ಆಗಿರಲಿಲ್ಲ. ಹಾಗಾಗಿ ನಾನೂ ಹಾಗೇ ಇರಲಿ ಅಂದೆ.

ಹೀಗೇ ಎಷ್ಟೋ ವರ್ಷ ಒಗೆದ ಮೇಲೆ ಒಂದು ಭಾನುವಾರ ಬೆಳಗ್ಗೆ ಯಾರದೋ ಸ್ಕೂಟರಿನ ಹಿಂದೆ ಕೂತು ಮಾಜಿಯವರು ನಮ್ಮ ಮನೆಗೇ ಬಂದರು. ಮೊಮ್ಮಗಳ ಮದುವೆಗೆ ಕರೆಯಲು ಬಂದಿದ್ದರು. ಓಟು ಕೇಳಿದ್ದ ಮನೆಗಳಿಗೆಲ್ಲ ತಾವೇ ಹೋಗಿ ಕರೆಯಬೇಕು ಎಂಬುದು ಅವರ ಹಟ. ಕಾಲು ಕೆಂಪು ಧೂಳಾಗಿತ್ತು. ಚಂದ್ರಮ್ಮ ಪದ್ಧತಿಯಂತೆ ತಂಬಿಗೆ ನೀರು ತಂದು, “ಹಿತ್ಲಗೆ ಬರ್ರಿ ಸಾಹೇಬ್ರೆ, ಕಾಲು ತೊಳ್ಕಳ್ರಿ,” ಅಂದಳು.

ನಾನು ಅಡ್ಡ ನಿಂತೆ. “ಇಲ್ಲೇ ಬಾಗ್ಲಾಗೆ ತೊಳ್ಕಳ್ರಿ ಸಾಹೇಬ್ರೆ, ಹಿತ್ಲಾಗೆಲ್ಲ ಕೆಸರು,” ಅಂದೆ.

“ಎಲ್ಲೈತೆ ಕೆಸರು? ನಾನು ಈಗ ಗುಡ್ಸಿ ಬಂದೀನಿ,” ಅಂದಳು ಚಂದ್ರಮ್ಮ.

“ಬೀದಿ ಬಾಗ್ಲಾಗೆ ಯಾಕಪ್ಪ ರಾಡಿ ಮಾಡಾದು? ಹಿಂದಕ್ಕೇ ಹೋಗಾಣ ನಡಿ,” ಎಂದು ಅವರು ಹೊರಟೇಬಿಟ್ಟರು. ನಾನು ಮುಂದೆ ಓಡಿ, ತಂತಿಯ ಮೇಲಿದ್ದ ಒದ್ದೆ ದುಪ್ಪಟಿ ಎಳೆದು ಕಲ್ಲಿನ ಮೇಲೆ ಹೊದಿಸಿದೆ. ಹಿಂದೆಯೇ ಬಂದ ಚಂದ್ರಮ್ಮ, “ಬುದ್ಧಿ ನೆಟ್ಟಗೈತೇನ್ರಿ? ಒಗ್ದು ಒಣಗಾಕಿದ್ದನ್ನ ಮತ್ತೆ ಕಲ್ಲಿಗೆ ಹಾಕ್ತಾರಾ?” ಎಂದು ಅದನ್ನು ಕಿತ್ತುಕೊಂಡಳು. ಮಾಜಿಯವರು ಪಂಚೆ ಎತ್ತಿಕೊಂಡು ಕಲ್ಲಿನ ಮೇಲೆ ನಿಂತು, ಒಂದೊಂದೇ ಕಾಲಿಗೆ ನೀರು ಹೊಯ್ದುಕೊಂಡರು. ನೀರು ಬಿದ್ದ ಮೇಲೆ ಅಕ್ಷರಗಳು ಇನ್ನೂ ಎದ್ದು ಕಂಡವು. ಅವರು ಬಗ್ಗಿ ನೋಡಿದರು. ಕಲ್ಲಿನಿಂದ ಇಳಿದರು. ಕುಕ್ಕರುಗಾಲಲ್ಲಿ ಕೂತು ಬೆರಳಿನಿಂದ ಸೋಪಿನ ನೊರೆ ಒರೆಸಿದರು.

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಬಾಯಿ ಬಿಟ್ಟಿದ್ದರೆ ಅದಕ್ಕೂ ಚರಂಡಿ ಎಲ್ಲಿಗೆ ಬಿಡುವುದು ಎಂಬ ಪ್ರಶ್ನೆ ಬರುತ್ತಿತ್ತು, ಆ ಮಾತು ಆಮೇಲೆ ಹೇಳುತ್ತೇನೆ.

“ತಿಪ್ಪೇಸ್ವಾಮಿ, ಇದು ಬಿ.ದುರ್ಗದ್ದಲ್ವೇನಪ್ಪ?”

“ಹೂಂ ಸಾಹೇಬ್ರೆ. ಜೆಸಿಬಿಯೋನು ಬೀಳ್ಸಿದ್ದ. ಹಾಳಾಗ್ತೈತೆ ಅಂತ…”

ಅವರು ನನ್ನ ಮಾತು ಕೇಳುತ್ತಿರಲಿಲ್ಲ. “ನನ್ನ ಹೆಸ್ರಿನ ಕೆಳಗೆ ಅವನ ಹೆಸ್ರಿತ್ತಲ್ಲ, ಎಲ್ಲಿ?” ಅಂದರು. ‘ಅವನು’ ಎಂದರೆ ಅವರನ್ನು ಸೋಲಿಸುತ್ತಲೇ ಬಂದ ಎದುರಾಳಿ. ಆಗ ಇಬ್ಬರೂ ಒಂದೇ ಪಕ್ಷದಲ್ಲಿದ್ದರು, ಅಧ್ಯಕ್ಷತೆ ಎಂದು ಆ ಎದುರಾಳಿಯ ಹೆಸರನ್ನೂ ಕೆತ್ತಿಸಿದ್ದರು. ಚಂದ್ರಮ್ಮ ಸೋಪಿನ ಡಬ್ಬಿ ಇಡುತ್ತಿದ್ದದ್ದು ಮೇಲಿನ ತುದಿಗೆ, ಅಲ್ಲಿ ಮಾಜಿಯವರ ಹೆಸರು ಹೊಸದರ ಹಾಗೇ ಉಳಿದಿತ್ತು. ಬಟ್ಟೆ ಎತ್ತಿ ಕುಕ್ಕುತ್ತಿದ್ದದ್ದು ಕೆಳಗೆ.

“ಸವ್ದೋಗೈತೆ ಸಾಹೇಬ್ರೆ,” ಅಂದಳು ಚಂದ್ರಮ್ಮ. “ಅಲ್ಲೇ ನಾನು ಒಗೆಯಾದು.”

ಮಾಜಿಯವರು ನಕ್ಕರು. ಎಲೆಕ್ಷನ್ ಗೆದ್ದ ದಿನವೂ ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ. “ಒಗಿ ತಾಯಿ, ಚೆನ್ನಾಗಿ ಒಗಿ! ನನ್ನ ಕೈಲಾಗದ್ದನ್ನ ನೀನು ಮಾಡಿದೆಯಲ್ಲ!” ಎಂದು ಕಣ್ಣು ಒರೆಸಿಕೊಂಡರು.

ಆಮೇಲೆ ಆ ಕಲ್ಲಿನ ಪಕ್ಕದಲ್ಲೇ ಮಣೆ ಹಾಕಿಸಿಕೊಂಡು ಕೂತು ಟೀ ಕುಡಿದರು. ಧೈರ್ಯ ಮಾಡಿ ಕೇಳಿದೆ: “ಆ ಭವನ ಯಾಕೆ ಏಳಲಿಲ್ಲ ಸಾಹೇಬ್ರೆ?”

“ಬಾಗ್ಲಪ್ಪ, ಬಾಗ್ಲು,” ಅಂದರು. “ಮೇಲ್ಗೇರಿಯೋರು ಬಂದು, ಬಾಗ್ಲು ನಮ್ಮ ಕಡೀಕಿರ್ಲಿ ಅಂದ್ರು. ಆಗ್ಲಿ ಅಂದೆ. ಕೆಳಗೇರಿಯೋರೂ ಬಂದು ಹಂಗೇ ಅಂದ್ರು. ಅವ್ರಿಗೂ ಆಗ್ಲಿ ಅಂದೆ. ಎರಡು ಬಾಗ್ಲು ಇಡಾಣ ಅಂದ್ರೆ, ಅದ್ರಾಗೆ ಮುಂಬಾಗ್ಲು ಯಾವ್ದು, ಹಿಂಬಾಗ್ಲು ಯಾವ್ದು ಅಂತ ಬಡಿದಾಡಿದ್ರು. ಅಷ್ಟರಾಗೆ ದುಡ್ಡು ವಾಪಸ್ ಹೋತು, ನಾನೂ ಮನೆಗೆ ಹೋದೆ. ನುಂಗಿದೆ ಅಂತೀರಂತಲ್ಲ ನೀವು. ನುಂಗಿದ್ರೆ ಹೊಟ್ಟೆಯಾದ್ರೂ ಬರ್ತಿತ್ತು.” ತಮ್ಮ ಒಣಗಿದ ಹೊಟ್ಟೆಯನ್ನು ತಟ್ಟಿಕೊಂಡರು. ನಾನು ಟೀ ಲೋಟದೊಳಗೆ ನೋಡಿದೆ.

ಅವರು ಲೋಟ ಕೆಳಗಿಟ್ಟು ದನಿ ತಗ್ಗಿಸಿ ಅಂದರು: “ಈ ಕಲ್ಲು ನನಗೆ ಕೊಡ್ತೀಯೇನಪ್ಪ? ನನ್ನ ಮೊಮ್ಮಗಳು ಬೀಗರ ಮನ್ಯಾಗೆ ನಮ್ಮಜ್ಜ ಎಮ್ಮೆಲ್ಲೆ ಆಗಿದ್ರು ಅಂದ್ಲಂತೆ. ಅವ್ರು ನಕ್ರಂತೆ. ಸ್ಕೂಲಿನ ಗೋಡೆಗಿದ್ದ ಹೆಸ್ರಿಗೆ ಬಣ್ಣ ಬಳ್ದ್ರು, ಬಸ್ ಸ್ಟಾಪ್ ಕೆಡವಿದ್ರು. ಮದುವೆಗೆ ಬೀಗರು ಮನೆಗೆ ಬರ್ತಾರೆ. ಅಂಗಳದಾಗೆ ಇದೊಂದಿದ್ರೆ ಹುಡುಗಿ ಮಾತು ಸುಳ್ಳಾಗಾಕಿಲ್ಲ.”

“ಇವತ್ತೇ ತಗಂಡೋಗ್ರಿ ಸಾಹೇಬ್ರೆ,” ಅಂದೆ.

“ಅದ್ಹೆಂಗಾಗ್ತೈತೆ?” ಅಂದಳು ಚಂದ್ರಮ್ಮ. ಸೆರಗು ಸಿಕ್ಕಿಸಿಕೊಂಡು ಮಾಜಿಯವರ ಎದುರಿಗೆ ಬಂದು, ತಾಲ್ಲೂಕು ಆಫೀಸಿನಲ್ಲಿ ಅಹವಾಲು ಹೇಳುವವರ ಹಾಗೆ ನಿಂತಳು. “ಸಾಹೇಬ್ರೆ, ಕಲ್ಲು ನಿಮ್ದೇ. ಆದ್ರೆ ಇವ್ರು ಮದ್ವೆ ಆದಾಗಿಂದ ಒಗೆಯೋ ಕಟ್ಟೆ ಕಟ್ಟಿಕೊಡ್ತೀನಿ ಅಂತಾರೆ. ಊರೋರಿಗೆಲ್ಲ ಮಾಳಿಗೆ ಮನೆ ಕಟ್ಟಿದ್ರು. ಇವ್ರ ಮಾತು ನಂಬ್ಕಂಡು ಈ ಕಲ್ಲೂ ಕೊಟ್ರೆ ನಾನು ಅಂಗೈ ಮ್ಯಾಲೆ ಒಗೀಬೇಕಾಗ್ತೈತೆ. ಕಟ್ಟೆ ಆಗ್ಲಿ, ಆಮ್ಯಾಕೆ ಕಲ್ಲು ಎತ್ತಿಸ್ರಿ.”

ಮಾಜಿಯವರ ಬೆನ್ನು ನೆಟ್ಟಗಾಯಿತು. ಅವರ ಮುಂದೆ ಯಾರಾದರೂ ಅಹವಾಲು ತಂದು ಎಷ್ಟು ಕಾಲವಾಗಿತ್ತೋ! ನನ್ನ ಕಡೆ ತಿರುಗಿ, ಹಿಂದೆ ಇಂಜಿನಿಯರುಗಳನ್ನು ಕೇಳುತ್ತಿದ್ದ ಗತ್ತಿನಲ್ಲೇ, “ಏನಪ್ಪ, ಯಾವಾಗ ಮುಗಿಸ್ತೀಯ?” ಅಂದರು.

“ಹಿರಿಯೂರಿನ ಕೆಲ್ಸ ಒಂದು ಮುಗಿದ್ರೆ… ಮರಳಿನ ಗಾಡಿ ಒಂದು ಬಂದ್ರೆ… ಆದಷ್ಟು ಬೇಗ ಕ್ರಮ…” ಎಂದು ಶುರು ಮಾಡಿದವನು ಅಲ್ಲಿಗೇ ನಿಲ್ಲಿಸಿದೆ. ಈ ಮಾತನ್ನು ನಾನು ಕಲ್ಲುಗಳ ಹಿಂದೆ ಕೂತು ಎಷ್ಟೋ ಸಲ ಕೇಳಿದ್ದೆ.

ಮಾಜಿಯವರು ಹೂಂಗುಟ್ಟಿದರು, ಅಷ್ಟೇ. “ಮದುವೆ ಒಳಗೆ ಆಗ್ಲಿ,” ಅಂದು ಎದ್ದರು. ಚಂದ್ರಮ್ಮ ಬಿಡಲಿಲ್ಲ. ಗುದ್ದಲಿಗೆ ಅರಿಶಿನ ಕುಂಕುಮ ಹಚ್ಚಿ ತಂದಳು, ಕಾಯಿ ತಂದಳು. ಮಾಜಿಯವರು ಕಾಯಿ ಒಡೆದು, ಹಿತ್ತಲ ಮೂಲೆಯಲ್ಲಿ ಶಾಸ್ತ್ರಕ್ಕೆ ಮಣ್ಣು ಅಗೆದರು. ಚಪ್ಪಾಳೆ ತಟ್ಟುವುದಕ್ಕೆ ಸ್ಕೂಟರಿನವನು ಒಬ್ಬನಿದ್ದ. ತಟ್ಟಿದ.

ಮಾರನೇ ದಿನವೇ ನಾನು ಗೂಟ ಹೊಡೆದು ದಾರ ಕಟ್ಟಿದೆ, ಇದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ದಾರ ಕಂಡ ತಕ್ಷಣ ಪಕ್ಕದ ಮನೆಯಿಂದ ತಮ್ಮನ ಹೆಂಡತಿ ಲಲಿತಾ ಬಂದಳು. “ಭಾವ, ಸೋಪಿನ ನೀರು ಮಾತ್ರ ನಮ್ಮ ಕಡೀಕೆ ಬರಬಾರ್ದು ನೋಡ್ರಿ,” ಅಂದಳು. ಬರುವುದಿಲ್ಲವಮ್ಮ ಅಂದೆ. ಇನ್ನೊಂದು ಪಕ್ಕದ ಮನೆಯ ಓಂಕಾರಪ್ಪ ಈರುಳ್ಳಿ ವ್ಯಾಪಾರಿ, ಗೋಡೆಯ ಮಗ್ಗುಲಿಗೇ ಮೂಟೆ ಜೋಡಿಸುವವರು. ಅವರು ಬಂದು, “ನಮ್ಮ ಗೋಡೆಗೆ ತೇವ ಬರಬಾರ್ದಪ್ಪ,” ಅಂದರು. ಅವರಿಗೂ ಆಗಲಿ ಅಂದೆ. ಹಿಂದಕ್ಕೆ ಬಿಡೋಣ ಎಂದರೆ ಅಲ್ಲಿ ಚಂದ್ರಮ್ಮನ ಕನಕಾಂಬರದ ಮಡಿ, ಸೋಪಿನ ನೀರು ಬಿದ್ದರೆ ಸುಟ್ಟುಹೋಗುತ್ತದೆ ಎಂದು ಅವಳು. ನಿನ್ನ ಹೂವಿಗೆ ಏನೂ ಆಗುವುದಿಲ್ಲ ಎಂದು ಅವಳಿಗೂ ಮಾತು ಕೊಟ್ಟೆ. ಮುಂದೆ ಮನೆ ಅಡ್ಡ. ಎಲ್ಲರಿಗೂ ಮಾತು ಕೊಟ್ಟ ಮೇಲೆ ಆ ನೀರಿಗೆ ಹೋಗಲು ಆಕಾಶ ಒಂದೇ ಉಳಿಯಿತು. ನಾನು ಯೋಚಿಸಿ ಮಾಡೋಣ ಎಂದು ಹಿರಿಯೂರಿನ ಕೆಲಸಕ್ಕೆ ಹೋದೆ. ದಾರದ ಮೇಲೆ ಲಲಿತಾ ಮಗುವಿನ ಬಟ್ಟೆ ಒಣಗಹಾಕತೊಡಗಿದಳು.

ಮದುವೆ ಹತ್ತಿರ ಬಂತು. ಒಂದು ಸಂಜೆ ಕೆಲಸ ಮುಗಿಸಿ ಬಂದು ಕೈಕಾಲು ತೊಳೆಯಲು ಹಿತ್ತಲಿಗೆ ಹೋದರೆ ಕಲ್ಲಿಲ್ಲ. ಕಲ್ಲಿದ್ದ ಜಾಗದಲ್ಲಿ ಎರೆಹುಳುಗಳು ಗಾಬರಿಯಾಗಿ ಓಡಾಡುತ್ತಿದ್ದವು.

“ಕಳಿಸ್ದೆ,” ಅಂದಳು ಚಂದ್ರಮ್ಮ. “ಟೆಂಪೋದೋನಿಗೆ ಹೇಳಿ ಎತ್ತಿಸ್ದೆ. ಆ ಯಜಮಾನ್ರು ಎಲ್ಲರನ್ನೂ ನಂಬಿ ಕೆಟ್ಟೋರು, ನಿಮ್ಮನ್ನೂ ನಂಬ್ಕಂಡು ಕುಂತಿರ್ಲಾ? ಆ ಹುಡುಗಿ ಮಾತು ಸುಳ್ಳಾಗಬಾರ್ದು.”

“ನೀನು ಎಲ್ಲಿ ಒಗೀತೀಯ?”

“ಲಲಿತನ ಕಲ್ಲೈತಲ್ಲ.” ಅಷ್ಟು ಹೇಳಿ ಒಳಗೆ ಹೋದಳು. ಬೈದಿದ್ದರೆ ಉತ್ತರ ಕೊಡಬಹುದಿತ್ತು.

ಮದುವೆಗೆ ಹೋದೆವು. ಅಂಗಳದಲ್ಲಿ ಚಪ್ಪರ, ಚಪ್ಪರದ ಕಂಬಕ್ಕೆ ಒರಗಿಸಿದ ಕಲ್ಲು, ಅದಕ್ಕೊಂದು ಚೆಂಡು ಹೂವಿನ ಹಾರ. ಕೆಳಗೆ ಎದುರಾಳಿಯ ಹೆಸರಿದ್ದ ಜಾಗ ನುಣ್ಣಗೆ ಹೊಳೆಯುತ್ತಿತ್ತು. ಬೀಗರು ಬಂದರು, ಓದಿದರು, “ಓ, ಶಾಸಕರೇ!” ಅಂದರು. ಕಲ್ಲಿನ ಪಕ್ಕ ನಿಂತು ಫೋಟೋ ಆಗಬೇಕು ಎಂದಾಯಿತು. ಜನ ಒತ್ತಿದ್ದರಿಂದ ಕಲ್ಲು ಅಲುಗಿತು. ಮಾಜಿಯವರು ಗಾಬರಿಯಿಂದ ಸುತ್ತ ನೋಡಿ ನನ್ನನ್ನು ಕಂಡರು. “ತಿಪ್ಪೇಸ್ವಾಮಿ, ಹಿಂದೆ ಕಟ್ಟಿಸಾಕೆ ಹೊತ್ತು ಸಿಗ್ಲಿಲ್ಲಪ್ಪ…” ಅಂದರು.

ನಾನು ಹೊಸ ಪಂಚೆ ಎತ್ತಿಕಟ್ಟಿ ಹಿಂದೆ ಹೋಗಿ ಕುಕ್ಕರುಗಾಲಲ್ಲಿ ಕೂತು ಕಲ್ಲನ್ನು ತಬ್ಬಿ ಹಿಡಿದೆ. ತಲೆ ತಗ್ಗಿಸಿದೆ. ಕಂಬದ ಸಂದಿನಿಂದ ಅವರ ಕಾಲು ಕಂಡಿತು. ಹಳೇ ಚಪ್ಪಲಿ, ಹಿಮ್ಮಡಿ ಒಡೆದಿತ್ತು. ಬೇರೆಯವರ ಕಾಲು ಅತ್ತಿತ್ತ ಆಡುತ್ತಿದ್ದರೂ ಆ ಎರಡು ಕಾಲು ಫೋಟೋ ಮುಗಿಯುವವರೆಗೆ ಒಂದಿಷ್ಟೂ ಅಲುಗಲಿಲ್ಲ. ಮುಗಿದ ಮೇಲೆ ಅವರು ಹಿಂದಕ್ಕೆ ಬಗ್ಗಿ, “ಅಂದಂಗೆ ಆ ಕಟ್ಟೆ ಎಲ್ಲಿಗೆ ಬಂತಪ್ಪ?” ಅಂದರು.

“ಪ್ರಗತಿಯಾಗೈತೆ ಸಾಹೇಬ್ರೆ,” ಅಂದೆ.

“ಆಗ್ಲಿ ಆಗ್ಲಿ,” ಎಂದು ನನ್ನ ಬೆನ್ನು ತಟ್ಟಿದರು. ಅದರಲ್ಲಿ ವ್ಯಂಗ್ಯ ಇರಲಿಲ್ಲ. ಅನುಭವ ಇತ್ತು.

ಈಗ ಚಂದ್ರಮ್ಮ ದಿನಾ ಲಲಿತಾಳ ಕಲ್ಲಿನಲ್ಲಿ ಒಗೆಯುತ್ತಾಳೆ. ಒಗೆಯುವಾಗ ಹೆಂಗಸರು ಮಾತಾಡುತ್ತಾರೆ, ಮಾತಾಡಿದ್ದು ಗಂಡಸರಿಗೆ ಗೊತ್ತಾಗುತ್ತದೆ, ಗಂಡಸರು ಟೀ ಅಂಗಡಿಗೆ ಬರುತ್ತಾರೆ. ನೀರು ಎಲ್ಲಿಗೂ ಹರಿಯದಿದ್ದರೂ ನಾನು ಕಟ್ಟದ ಕಟ್ಟೆಯ ಸುದ್ದಿ ಸರಾಗ ಹರಿಯಿತು. ಮೊನ್ನೆ ಬೆಳಗ್ಗೆ ನಾನು ಬಸ್ ಸ್ಟ್ಯಾಂಡು ದಾಟಿ ಬರುವಾಗ ಬೆಂಚಿನಲ್ಲಿ ಜೋರು ನಗು ಕೇಳಿಸುತ್ತಿತ್ತು. ನಾನು ಹತ್ತಿರ ಬಂದೆ. ನಗು ತಟ್ಟನೆ ನಿಂತಿತು. ಎಲ್ಲರೂ ಟೀ ಲೋಟದೊಳಗೆ ನೋಡತೊಡಗಿದರು. ನನ್ನ ತುದಿ ಖಾಲಿ ಇತ್ತು, ಕೂತೆ. ಯಾರ ಕೇಸು ನಡೆಯುತ್ತಿತ್ತು ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಅಂಜಿನಪ್ಪ ಎಂದಿನಂತೆ ಟೀ ತಂದಿಟ್ಟು, ನನ್ನ ಮುಖ ನೋಡದೆ ಒಳಗೆ ಹೋದ.

ಒಂದು ಗುಟುಕು ಕುಡಿದೆ. ಪಾಯಸದ ಹಾಗಿತ್ತು.